ಅಣಬೆ ಕಂಡ ಕೂಡಲೇ ಗರಗಸ ತರಬೇಡಿ

ಹಳೆಯ ಮರದ ಬುಡದಲ್ಲಿ ಹಲಗೆಯಂಥ ಅಣಬೆಯೊಂದು ಮೂಡಿದರೆ ಸಾಕು, ‘ಒಳಗೆಲ್ಲ ಟೊಳ್ಳು, ಕಡಿಸಿಬಿಡಿ’ ಅನ್ನಲು ಹತ್ತು ಜನ ಸೇರುತ್ತಾರೆ. ಅವರ ಭಯ ಸುಳ್ಳಲ್ಲ. ನನ್ನ ತಕರಾರು ಆ ಅವಸರದ ಬಗ್ಗೆ.

ಆ ಅಣಬೆ ನಿನ್ನೆ ಬಂದದ್ದಲ್ಲ. ಹೊರಗೆ ಕಾಣುವ ಹೊತ್ತಿಗೆ ಶಿಲೀಂಧ್ರ ಒಳಗೆ ಎಷ್ಟೋ ವರ್ಷಗಳಿಂದ ಬೀಡುಬಿಟ್ಟಿರುತ್ತದೆ. ಆದ್ದರಿಂದ ಅದನ್ನು ಕಿತ್ತೆಸೆದರೆ ಏನೂ ಪ್ರಯೋಜನವಿಲ್ಲ. ಯಾವ ಜಾತಿಯದು ಎಂದು ಗುರುತಿಸಲು ಇದ್ದ ಸಾಕ್ಷಿಯೂ ಹೋಯಿತು, ಅಷ್ಟೆ.

ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದವರು. 1970ರ ದಶಕದಲ್ಲಿ ಅವರು ತೋರಿಸಿಕೊಟ್ಟದ್ದು ಇದು: ಮರ ನಮ್ಮ ಚರ್ಮದ ಹಾಗೆ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ, ಕೊಳೆತ ಭಾಗದ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಗಾಯವಾದ ಮೇಲೆ ಬೆಳೆದ ಹೊಸ ಪದರದ ಗೋಡೆಯೇ ಎಲ್ಲಕ್ಕಿಂತ ಗಟ್ಟಿ. ನಾವು ಪೊಟರೆಯನ್ನು ಕೆರೆದು ‘ಸ್ವಚ್ಛ’ ಮಾಡುತ್ತೇವೆ, ನೀರಿಳಿಯಲಿ ಎಂದು ತೂತು ಕೊರೆಯುತ್ತೇವೆ, ಸಿಮೆಂಟು ತುಂಬುತ್ತೇವೆ. ಆ ಗೋಡೆಯನ್ನು ಒಡೆಯುವವರು ನಾವೇ! ಇನ್ನು ಕಾಂಡದ ಒಳಗಿನ ಕೊಳೆಯನ್ನು ವಾಸಿ ಮಾಡುವ ಔಷಧಿ ಇದೆ ಎಂದು ಯಾರಾದರೂ ಡಬ್ಬಿ ಹಿಡಿದು ಬಂದರೆ ನಂಬಬೇಡಿ.

ಟೊಳ್ಳಾದ ಮಾತ್ರಕ್ಕೆ ಮರ ದುರ್ಬಲವಾಯಿತೆ? ಬಿದಿರನ್ನು ನೋಡಿ. ಕಾಂಡದ ಅಡ್ಡಳತೆಯಲ್ಲಿ ಅರ್ಧದಷ್ಟು ಪೊಳ್ಳಾಗಿದ್ದರೂ, ಸುತ್ತಲಿನ ಕವಚ ಎಲ್ಲೂ ಒಡೆಯದೆ ಇದ್ದರೆ, ಬಾಗುವಿಕೆಯನ್ನು ತಡೆಯುವ ಶಕ್ತಿಯಲ್ಲಿ ಕಳೆದುಹೋಗುವುದು ಲೆಕ್ಕದ ಪ್ರಕಾರ ಸುಮಾರು ಶೇ. 6 ಮಾತ್ರ. ಶೇ. 70ರಷ್ಟು ಪೊಳ್ಳಾದರೆ ನಷ್ಟ ಸುಮಾರು ಶೇ. 24. ಅಲ್ಲಿಂದ ಮುಂದೆ ಇಳಿತ ಬಲು ಕಡಿದು. ಒಂದು ಪಕ್ಕ ಬಾಯ್ತೆರೆದ ಪೊಟರೆಗೆ ಈ ಲೆಕ್ಕ ಹಿಡಿಯುವುದಿಲ್ಲ, ಅದು ಇನ್ನೂ ಬೇಗ ಸೋಲುತ್ತದೆ.

ಹಾಗಂತ ಎಲೆ ಹಸಿರಾಗಿದೆ, ಮರ ಗಟ್ಟಿಯಾಗಿದೆ ಎಂದು ಸುಮ್ಮನಿರುವುದೂ ತಪ್ಪೇ. ಎಲೆಗೆ ನೀರು ಹೋಗುವುದು ಕಟ್ಟಿಗೆಯ ಹೊರಪದರದಿಂದ, ಮರ ನಿಂತಿರುವುದು ದಪ್ಪ ಬೇರುಗಳ ಮೇಲೆ. ಗ್ಯಾನೊಡರ್ಮಾ ಜಾತಿಯ ಶಿಲೀಂಧ್ರಗಳು ಬುಡ, ಬೇರುಗಳನ್ನೇ ತಿನ್ನುತ್ತವೆ. ತುಂಬು ಹಸಿರಿನ ಮರವೂ ಬುಡಸಮೇತ ಉರುಳಬಹುದು. ಕಟ್ಟಿಗೆಯನ್ನು ಕಂದಾಗಿಸುವ ‘ಕಂದು ಕೊಳೆ’ ಎಂಬ ಬಗೆ ಬಂದರೆ ಕಟ್ಟಿಗೆಯ ನಾರಾದ ಸೆಲ್ಯುಲೋಸ್ ಹೋಗಿ ಕಟ್ಟಿಗೆ ಪೆಡಸಾಗುತ್ತದೆ, ಬಾಗದೆ ಥಟ್ಟನೆ ಮುರಿಯುತ್ತದೆ.

ಹಾಗಾದರೆ ಮಾಡುವುದೇನು? ಮೊದಲು ಮರಗಳನ್ನು ಪರೀಕ್ಷಿಸಬಲ್ಲವರು ಮರದ ಸುತ್ತಿಗೆಯಿಂದ ಕಾಂಡವನ್ನು ಸುತ್ತಲೂ ತಟ್ಟಿ ಸದ್ದು ಕೇಳಲಿ. ಅನುಮಾನ ಬಂದರೆ ಧ್ವನಿತರಂಗದ ಟೊಮೊಗ್ರಾಫ್ (ಕಾಂಡದೊಳಗೆ ಸದ್ದು ಹಾಯಿಸಿ ಒಳಗಿನ ಚಿತ್ರ ಕೊಡುವ ಯಂತ್ರ) ಹಚ್ಚಿ ಒಳಗೆ ಗಟ್ಟಿ ಮರ ಎಷ್ಟು ಉಳಿದಿದೆ ಅಂದಾಜಿಸಲಿ. ಆಮೇಲೆ ಗಾಳಿಯ ಹೊರೆ ಇಳಿಸಬೇಕು: ನೆತ್ತಿಯ ತುದಿಕೊಂಬೆಗಳನ್ನು ಸ್ವಲ್ಪ ಸ್ವಲ್ಪವಾಗಿ, ಕೆಲವು ವರ್ಷಗಳಲ್ಲಿ. ತಲೆಯನ್ನೇ ಬೋಳಿಸಿದರೆ ದೊಡ್ಡ ದೊಡ್ಡ ಗಾಯಗಳ ಮೂಲಕ ಹೊಸ ಕೊಳೆ ಒಳಹೊಗುತ್ತದೆ. ಬುಡದ ಸುತ್ತ ಅಗೆತ, ಕಾಂಕ್ರೀಟು ಬೇಡವೇ ಬೇಡ. ಎಷ್ಟೋ ಸಲ ಮರದ ಕೆಳಗಿನ ಬೆಂಚನ್ನೋ ಪಾರ್ಕಿಂಗನ್ನೋ ಬೇರೆಡೆಗೆ ಸರಿಸಿದರೆ ಅರ್ಧ ಅಪಾಯ ಅಲ್ಲೇ ತಪ್ಪುತ್ತದೆ. ಈ ಪುಕ್ಕಟೆ ಉಪಾಯ ಯಾರಿಗೂ ಹೊಳೆಯುವುದಿಲ್ಲ ನೋಡಿ.

ಆಧಾರದ ಬೇರುಗಳೇ ಹೋಗಿವೆ, ಕೆಳಗೆ ಜನ ಓಡಾಡುವ ದಾರಿ, ಅದನ್ನು ಬದಲಿಸಲಾಗದು ಅಂದರೆ ಕಡಿಯಿರಿ, ನನ್ನ ವಿರೋಧವಿಲ್ಲ. ಆದರೆ ಕೊಳೆ ಮೇಲ್ಭಾಗದಲ್ಲಷ್ಟೇ ಇದ್ದು ಬುಡ ಗಟ್ಟಿಯಾಗಿದ್ದರೆ, ಪೊಟರೆಯಿರುವ ಬೊಡ್ಡೆಯನ್ನಾದರೂ ಬಿಡಿ. ಗೂಬೆ, ಕುಟ್ರುಹಕ್ಕಿ, ಬಾವಲಿಗಳಿಗೆ ಇಂಥ ಪೊಟರೆ ಎಳೆಯ ಮರದಲ್ಲಿ ಸಿಗುವುದಿಲ್ಲ.