ಮಗು ಮಲಗಿದ ಮೇಲೆ ಮಾಡುವ ಕ್ರಾಫ್ಟ್

ಶಿಶುವಿಹಾರದ ಕಲಾ ಪ್ರಾಜೆಕ್ಟಿಗೆ ಬೇಕಾಗುವ ಸಾಮಗ್ರಿ: ಥರ್ಮಾಕೋಲ್ ಉಂಡೆಗಳು, ಗ್ಲೂ ಗನ್ ಒಂದು, ಬಣ್ಣ, ಹಲ್ಲುಕಡ್ಡಿ, ನಿದ್ದೆಗೆಡಲು ತಯಾರಿರುವ ಹಿರಿಯರು ಇಬ್ಬರು. ಮಗು ಬೇಕಿಲ್ಲ. ಅದನ್ನು ಎಂಟು ಗಂಟೆಗೇ ಮಲಗಿಸುವುದು ಮೊದಲ ಹಂತ. ಎಚ್ಚರವಿದ್ದರೆ "ನಾನೂ ಮಾಡ್ತೀನಿ" ಅಂತ ಬಂದು ಪ್ರಾಜೆಕ್ಟ್ ಕೆಡಿಸುತ್ತದೆ.

ವಿಷಯ ಸೌರಮಂಡಲ. ನಿನ್ನೆಗೂ ನಾಳೆಗೂ ವ್ಯತ್ಯಾಸ ತಿಳಿಯದ ನಾಲ್ಕು ವರ್ಷದ ಜೀವಕ್ಕೆ ನೆಪ್ಚೂನ್ ಗೊತ್ತಿರಬೇಕಂತೆ. ಇರಲಿ. ಅಪ್ಪ ಶಾಲೆಯಲ್ಲಿ ಓದಿದ್ದು ಒಂಬತ್ತು ಗ್ರಹ. ಪ್ಲೂಟೊವನ್ನು 2006ರಲ್ಲೇ ಪಟ್ಟಿಯಿಂದ ಇಳಿಸಿದ ಸುದ್ದಿ ಅವರಿಗೆ ಮುಟ್ಟುವುದು ಒಂಬತ್ತನೇ ಉಂಡೆ ಕೊರೆದಾದ ಮೇಲೆ. ಅದು ಮಂಚದಡಿಗೆ ಉರುಳುತ್ತದೆ.

ಬೇಗ ಒಣಗಲಿ ಅಂತ ಸ್ಪ್ರೇ ಬಣ್ಣ ಹೊಡೆಯುತ್ತಾರೆ. ಅದರಲ್ಲಿರುವ ದ್ರಾವಕಕ್ಕೆ ಥರ್ಮಾಕೋಲ್ ಕರಗುತ್ತದೆ. ಗುರುಗ್ರಹ ಕಣ್ಣೆದುರೇ ಹುಳುಕು ಹಲ್ಲಿನ ಹಾಗೆ ಕುಳಿಬೀಳುತ್ತದೆ. ನೀರಿನಲ್ಲಿ ಕಲಸುವ ಬಣ್ಣವಾಗಿದ್ದರೆ ಈ ಗ್ರಹಚಾರ ಇರುತ್ತಿರಲಿಲ್ಲ. ಇನ್ನು ಗ್ಲೂ ಗನ್. ಥರ್ಮಾಕೋಲ್ 100 ಡಿಗ್ರಿ ಆಸುಪಾಸಿಗೇ ಮೆತ್ತಗಾಗುತ್ತದೆ, ದೊಡ್ಡ ಗನ್ನಿನ ಅಂಟು ಅದಕ್ಕಿಂತ ಎಷ್ಟೋ ಬಿಸಿ. ಶನಿಗೆ ಉಂಗುರ ಅಂಟಿಸಲು ಹೋದರೆ ಉಂಗುರ ಹೊರಗೇ ಉಳಿದು ಅಂಟು ಒಳಗೆ ಸೇರುತ್ತದೆ. ಬಿಳಿ ಗೋಂದು ಹಚ್ಚೋಣವೆಂದರೆ, ಥರ್ಮಾಕೋಲ್ ನೀರು ಹೀರದು, ಗೋಂದು ಬೆಳಗಾದರೂ ಹಸಿ. ಕೊನೆಗೆ ಕಾಪಾಡುವುದು ಹಲ್ಲುಕಡ್ಡಿಯೇ: ಚುಚ್ಚಿ, ಮುಗಿಯಿತು.

ಅತಿ ನಾಜೂಕಿನ ಹಂತ ಇನ್ನೂ ಇದೆ. ಇದು ಮಗುವೇ ಮಾಡಿದ್ದು ಅನ್ನಿಸಬೇಕು. ಅದಕ್ಕೆ ಅಮ್ಮ ಎಡಗೈಯಲ್ಲಿ ಹೆಸರು ಬರೆದು, ಒಂದಕ್ಷರವನ್ನು ಉಲ್ಟಾ ಮಾಡಬೇಕು. ಒಂದೇ ಸಾಕು, ಎರಡು ಉಲ್ಟಾ ಆದರೆ ಬಹುಮಾನ ಕೈತಪ್ಪುತ್ತದೆ.

ಶಾಲೆಯಲ್ಲೇ ಮಾಡಿಸಿದರೆ ಸುಧಾರಿಸೀತೇ? ಅಲ್ಲಿ ಪೇಪರ್ ಪ್ಲೇಟಿನ ಸಿಂಹ. ಕೇಸರ ಕತ್ತರಿಸಿದ್ದು ಟೀಚರ್, ಬಾಯಿ ಬರೆದಿದ್ದು ಟೀಚರ್. ಅವರು ಪೆನ್ಸಿಲ್ ಚುಕ್ಕೆ ಇಟ್ಟ ಜಾಗದಲ್ಲಿ ಕಣ್ಣು ಅಂಟಿಸುವುದಷ್ಟೇ ಮಗುವಿನ ಕಲೆ. ಯಾವುದೋ ಮಗು ಎರಡೂ ಕಣ್ಣನ್ನು ಬಾಲಕ್ಕೆ ಅಂಟಿಸಿರುತ್ತದೆ (ಹಿಂದಿನಿಂದ ಬರುವವರನ್ನು ನೋಡಲು, ಬೇರೇನಕ್ಕೆ?). ಗಂಟೆ ಹೊಡೆದ ಮೇಲೆ ಟೀಚರ್ ಅವನ್ನು ಕಿತ್ತು ಸರಿಮಾಡುತ್ತಾರೆ. ಮರುದಿನ ಗೋಡೆ ಮೇಲೆ ಒಂದೇ ತಾಯಿಯ ಮೂವತ್ತು ಸಿಂಹ. 1840ರಲ್ಲಿ ಇಂಥ ಶಾಲೆಗೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟ ಜರ್ಮನಿಯ ಫ್ರೋಬೆಲ್ ಮಡಚುವ ಕಾಗದ, ಹೆಣೆಯುವ ಪಟ್ಟಿ, ಜೇಡಿಮಣ್ಣುಗಳನ್ನು ಮಕ್ಕಳ ಕೈಗೇ ಕೊಡಬೇಕೆಂದಿದ್ದ. ಪಾಪ, ಅವನಿಗೆ ವಾಟ್ಸಾಪಿಗೆ ಫೋಟೊ ಹಾಕುವ ಗಡಿಬಿಡಿ ಇರಲಿಲ್ಲ.

ಎರಡು ಲೋಟ ಹಿಟ್ಟು, ಒಂದು ಲೋಟ ಉಪ್ಪು, ಸ್ವಲ್ಪಸ್ವಲ್ಪವೇ ಮುಕ್ಕಾಲು ಲೋಟ ನೀರು: ಇಷ್ಟು ಕಲಸಿಕೊಟ್ಟರೆ ನಾಲ್ಕು ವರ್ಷದ ಕೈ ಒಂದು ಗಂಟೆ ಸುಮ್ಮನಿರುವುದಿಲ್ಲ. ಆದರೆ ಅದರಿಂದ ಬರುವುದು ಸೌರಮಂಡಲವಲ್ಲ, ಹಾವು. ಹಾವಿಗೆ ಬಹುಮಾನವಿಲ್ಲ.

ಬೆಳಿಗ್ಗೆ ಅಪ್ಪ ಸೌರಮಂಡಲವನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕುತ್ತಾರೆ. ಮಗು ಮಂಚದಡಿಯಿಂದ ಪ್ಲೂಟೊವನ್ನು ಎಳೆದುಕೊಂಡಿದೆ. ಪೆನ್ನಿನಲ್ಲಿ ಎರಡು ಕಣ್ಣು ಕೊರೆದು, ಗಲ್ಲದ ಕೆಳಗೇ ಎರಡು ಹಲ್ಲುಕಡ್ಡಿ ಚುಚ್ಚಿದೆ. ಹೊಟ್ಟೆ ಇಲ್ಲ, ಕೈ ಇಲ್ಲ. ತಲೆಯಿಂದ ನೇರ ಕಾಲು.

"ಇದು ಅಪ್ಪ" ಅಂತ ತೋರಿಸಿದರೆ, "ಕೆಳಗಿಡು, ಲೇಟಾಯ್ತು" ಅನ್ನುತ್ತಾರೆ ಅಪ್ಪ.