ಬಂಗುಡೆ ತಿಂದ ಪದ್ಮಿನಿ

ಮಲ್ಪೆಯಿಂದ ಹಳೇ ಪ್ರೀಮಿಯರ್ ಪದ್ಮಿನಿ ಕಾರಿನ ಡಿಕ್ಕಿಯಲ್ಲಿ ಬಂಗುಡೆ ಮೀನು ತಂದವರಿಗೆ ಊಟ ಮುಗಿದ ಮೇಲೂ ಒಂದು ಲೆಕ್ಕ ಬಾಕಿ ಇರುತ್ತದೆ. ಐಸು ಕರಗಿದ ಉಪ್ಪುನೀರು ಮ್ಯಾಟಿನ ಅಡಿಗೆ ಇಳಿದು, ಹಿಂದಿನ ಲೀಫ್ ಸ್ಪ್ರಿಂಗನ್ನು (ಉಕ್ಕಿನ ಪಟ್ಟಿಗಳ ಸ್ಪ್ರಿಂಗು) ಕಾರಿನ ಮೈಗೆ ಜೋಡಿಸುವ ಕೊಂಡಿ, ಅಂದರೆ ಶ್ಯಾಕಲ್, ಕೂರುವ ಪೊಳ್ಳು ಭಾಗದಲ್ಲಿ ಠಿಕಾಣಿ ಹೂಡುತ್ತದೆ. ನೀರು ಹರಿದುಹೋಗಲೆಂದು ಬಿಟ್ಟ ತೂತನ್ನು, ತುಕ್ಕು ತಡೆಯಲೆಂದು ಅಂಡರ್‌ಕೋಟಿಂಗ್ ಮಾಡಿದವರು ಟಾರು ಬಳಿದು ಮುಚ್ಚಿ, ಅದಕ್ಕೆ ದುಡ್ಡನ್ನೂ ತೆಗೆದುಕೊಂಡಿರುತ್ತಾರೆ. ಪದ್ಮಿನಿಗೆ ಅಡಿಯಲ್ಲಿ ಬೇರೆ ಚೌಕಟ್ಟು, ಅಂದರೆ ಚಾಸಿಸ್, ಇಲ್ಲ, ಮೈಯೇ ಚಾಸಿಸ್. ಹಾಗಾಗಿ ಆ ಮೂಲೆ ಕೊಳೆತರೆ ಹಿಂದಿನ ಆಕ್ಸಲ್ ಕಾರಿನ ಜೊತೆಗಿರುವುದು ಬರೀ ದಾಕ್ಷಿಣ್ಯಕ್ಕೆ.

ಹೊಂಡಕ್ಕೆ ಇಳಿದಾಗ ಹಿಂದೆ ‘ಡಬ್’ ಎಂದರೆ ಮೊದಲು ಶಾಕ್ ಅಬ್ಸಾರ್ಬರ್ ಬದಲಾಗುತ್ತದೆ, ಆಮೇಲೆ ಸ್ಪ್ರಿಂಗಿನ ರಬ್ಬರ್ ಬುಷ್, ಆಮೇಲೆ ಮೆಕ್ಯಾನಿಕ್. ಅಷ್ಟೆಲ್ಲ ಬೇಡ. ಹಿಂದಿನ ಸೀಟು, ಡಿಕ್ಕಿ ಮ್ಯಾಟು ಎತ್ತಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ‘ಟಣ್’ ಎನ್ನುತ್ತದೆ, ಕೊಳೆತದ್ದು ಮಾತೇ ಆಡುವುದಿಲ್ಲ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ. ಹಿಡಿಯವರೆಗೂ ಒಳಗೆ ಹೋದರೆ ರೋಗ ಸಿಕ್ಕಿತು. ಕೆಲವೊಮ್ಮೆ ಪುಟ್ಟಿಯ ಹಿಂದಿನಿಂದ ಮಡಚಿಟ್ಟ ಹಳೇ ಪೇಪರೂ ಹೊರಬರುತ್ತದೆ. ಹಿಂದಿನ ಟಿಂಕರಿಂಗ್ ಯಾವ ವರ್ಷ ಆಯಿತೆಂದು ತಾರೀಕು ನೋಡಿ ತಿಳಿದುಕೊಳ್ಳಬಹುದು.

ಈಗ ನೋಡಲು ಬಂದವರೆಲ್ಲ, “ಒಂದು ದಪ್ಪ ಪಟ್ಟಿ ಇಟ್ಟು ಬೆಸುಗೆ ಹಾಕಿ ಬಿಡಿ ಮಾರಾಯ್ರೆ” ಅನ್ನುತ್ತಾರೆ. ಬಿಡಬಾರದು. 5 ಮಿ.ಮೀ. ಪಟ್ಟಿಗೆ ತಕ್ಕ ಶಾಖ ಕೊಟ್ಟರೆ ಪಕ್ಕದ ತೆಳು ತಗಡು ಉರಿದು ತೂತಾಗುತ್ತದೆ. ತೂತಾಗದಿದ್ದರೂ ಭಾರವೆಲ್ಲ ಪಟ್ಟಿಯ ಅಂಚಿಗೇ ಬಂದು, ಬಿರುಕು ಅಲ್ಲಿಂದ ಶುರು. 2 ಮಿ.ಮೀ. ಶೀಟು ಸಾಕು. ಮೂಲೆಗಳನ್ನು ಉರುಟಾಗಿಸಿ, ಕೊಳೆತದ್ದನ್ನೆಲ್ಲ ಕತ್ತರಿಸಿ, ಬೆಳ್ಳಗೆ ಹೊಳೆಯುವ ತಗಡು ಸಿಕ್ಕಿದ ಮೇಲೂ ಎರಡು ಇಂಚು ಆಚೆಗೆ ಚಾಚುವಂತೆ ಇಡಿ. ಹೊಸ ಶೀಟಿನ ನಡುವೆ 8 ಮಿ.ಮೀ. ತೂತು ಕೊರೆದು ಅದರೊಳಗೇ ಬೆಸುಗೆ ತುಂಬಿಸಿ. CO₂ ವೆಲ್ಡಿಂಗ್ ಒಳ್ಳೆಯದು. ಒಂದು ಇಂಚು ಇಲ್ಲಿ, ಒಂದು ಇಂಚು ಎದುರುಗಡೆ. ಒಂದೇ ದಮ್ಮಿಗೆ ಎಳೆದರೆ ತಗಡು ಸೊಟ್ಟಗಾಗುತ್ತದೆ. ಪೊಳ್ಳು ಭಾಗದ ಮೂಲಕ ಬೋಲ್ಟ್ ಹಾಯುವಲ್ಲಿ ಒಳಗೊಂದು ದಪ್ಪ ಕೊಳವೆ ಕೂರಿಸಿ. ಇಲ್ಲವಾದರೆ ನಟ್ ಬಿಗಿ ಮಾಡಿದಷ್ಟೂ ಪೊಳ್ಳು ಅಪ್ಪಚ್ಚಿಯಾಗುತ್ತಾ ಹೋಗುತ್ತದೆ, ಬಿಗಿ ಮಾತ್ರ ಆಗುವುದಿಲ್ಲ.

ಇದೆಲ್ಲಕ್ಕಿಂತ ಮೊದಲು ಬ್ಯಾಟರಿ ವಯರ್ ಕಳಚಿ, ಪೆಟ್ರೋಲ್ ಟ್ಯಾಂಕನ್ನು ಕೆಳಗಿಳಿಸಿ ದೂರ ಇಡಬೇಕು. “ಟ್ಯಾಂಕ್ ಖಾಲಿ ಉಂಟಲ್ಲ” ಎಂಬ ಧೈರ್ಯ ಬೇಡ, ಉರಿ ಹತ್ತುವುದು ಒಳಗಿನ ಆವಿಗೇ. ಕಾರನ್ನು ಎತ್ತಿ ನಿಲ್ಲಿಸುವ ಸ್ಟ್ಯಾಂಡುಗಳನ್ನು ಬಾಗಿಲ ಕೆಳಗಿನ ಗಟ್ಟಿ ಅಂಚಿಗೆ ಸಮಮಟ್ಟದಲ್ಲಿ ಕೊಟ್ಟು, ಕತ್ತರಿಸುವ ಮುಂಚೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಅಳತೆ ಬರೆದಿಡಿ. ಮೈ ಜೋತಿರುವಾಗಲೇ ವೆಲ್ಡ್ ಮಾಡಿದರೆ ಆ ಜೋತ ಭಂಗಿಯೇ ಖಾಯಂ. ಮತ್ತೆ ಹಿಂದಿನ ಬಾಗಿಲು ಮುಚ್ಚಬೇಕಾದರೆ ಒಳಗೆ ಕೂತವರು ಎಳೆಯಬೇಕು, ಹೊರಗೆ ನಿಂತವರು ಒದೆಯಬೇಕು. ಕೆಲಸ ಮುಗಿದ ಮೇಲೆ ಝಿಂಕ್ ಪ್ರೈಮರ್, ಪೊಳ್ಳಿನೊಳಗೆ ಮೇಣದ ಸ್ಪ್ರೇ, ಮುಚ್ಚಿದ ತೂತಿಗೆ ಬಿಡುಗಡೆ. ಸ್ಪ್ರಿಂಗ್ ಬುಷ್‌ನ ಬೋಲ್ಟನ್ನು ಚಕ್ರಗಳು ನೆಲ ಮುಟ್ಟಿ ಕಾರಿನ ಭಾರ ಬಿದ್ದ ಮೇಲೆಯೇ ಬಿಗಿಯಬೇಕು. ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಇಷ್ಟಾದ ಮೇಲೆ ಮನೆಯ ಯುವಕರಿಗೆ ರೋಲ್ ಕೇಜ್, ಅಂದರೆ ಕಾರು ಮಗುಚಿದರೆ ಒಳಗಿದ್ದವರನ್ನು ಕಾಯುವ ಕೊಳವೆಗಳ ಪಂಜರ, ನೆನಪಾಗುತ್ತದೆ. ಬಾತ್‌ರೂಮ್ ಕೆಲಸದಲ್ಲಿ ಉಳಿದ, ಸತು ಲೇಪಿಸಿದ ಜಿಐ ಪೈಪೂ ನೆನಪಾಗುತ್ತದೆ. ಅದಕ್ಕೆ ವೆಲ್ಡಿಂಗ್ ತಾಗಿಸಿದರೆ ಸತುವಿನ ಹೊಗೆ ಎದ್ದು, ವೆಲ್ಡರ್ ರಾತ್ರಿ ಚಳಿಜ್ವರದಲ್ಲಿ ಮಲಗುತ್ತಾನೆ. ರ‍್ಯಾಲಿಯ ಎಫ್‌ಐಎ (ಮೋಟಾರು ಕ್ರೀಡೆಯ ಜಾಗತಿಕ ಒಕ್ಕೂಟ) ನಿಯಮದಲ್ಲಿ ಕೇಜಿನ ಮುಖ್ಯ ಕಮಾನಿಗೆ ಬೇಕಾದದ್ದು 45 ಮಿ.ಮೀ. ವ್ಯಾಸದ, 2.5 ಮಿ.ಮೀ. ದಪ್ಪದ ಜೋಡಣೆಯಿಲ್ಲದ ಉಕ್ಕಿನ ಕೊಳವೆ, ಇಲ್ಲವೇ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪದ್ದು. ಆ ಕಮಾನು ಕಾಲು ಊರುವಲ್ಲಿ 3 ಮಿ.ಮೀ. ದಪ್ಪದ, ಕನಿಷ್ಠ 120 ಚದರ ಸೆಂ.ಮೀ. ಪ್ಲೇಟು. ಅದಕ್ಕೆ ಆಸರೆಯಾದ ಹಿಂದಿನ ಎರಡು ಕಾಲುಗಳು ಬಂದು ನಿಲ್ಲುವುದು ಹಿಂಚಕ್ರದ ಕಮಾನಿನ ಆಸುಪಾಸು. ಅಲ್ಲಿ ತಗಡೇ ಕೊಳೆತಿದ್ದರೆ, ಕಾರು ಮಗುಚಿದಾಗ ಕೇಜು ಗಟ್ಟಿಯಾಗಿಯೇ ಉಳಿದು ಕಾರಿನಿಂದ ಹೊರಗೆ ತೂರಿ ಬಂದೀತು.

ರಸ್ತೆಯ ಕಾರಿಗೆ ಅದು ಬೇಡವೇ ಬೇಡ. ಹೆಲ್ಮೆಟ್ ಇಲ್ಲದ ತಲೆಯ ಪಕ್ಕ ಉಕ್ಕಿನ ಕೊಳವೆ ಇದ್ದರೆ ಸಣ್ಣ ಡಿಕ್ಕಿಗೂ ತಲೆ ಅದಕ್ಕೇ ಬಡಿಯುತ್ತದೆ. ಆರ್‌ಟಿಒ ಎಂತ ಕೇಳುತ್ತದೆ ಎಂಬುದು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಮಾರ್ಪಾಡುಗಳ ಬಗ್ಗೆಯೇ ಇದೆ. ಅದಕ್ಕಿಂತ ಮೊದಲು ಕೊಲ್ಲೂರಿಗೆ ಹೊರಟ ಅಜ್ಜಿಯನ್ನು ಆ ಪೈಪುಗಳ ನಡುವೆ ಹಿಂದಿನ ಸೀಟಿಗೆ ತೂರಿಸಿ, ಕೊಲ್ಲೂರಿನಲ್ಲಿ ಸೆರಗು ಸಿಕ್ಕಿಸದೆ ಇಳಿಸಿ ತೋರಿಸಿ.