ಕೆಂಪಗೆ ಕಾದ ಹಲ್ಲಿಗೆ ತಣ್ಣೀರು ಬೇಡ

ನಮ್ಮ ಜಮೀನು ಇರುವುದು ಗೌರಿಬಿದನೂರು ತಾಲ್ಲೂಕಿನಲ್ಲಿ. ನನ್ನ ಅನ್ನ ಇರುವುದು ಪಂಜಾಬಿನ ಲೂಧಿಯಾನದಲ್ಲಿ, ಉಕ್ಕಿಗೆ ಹದ ಹಾಕುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಕಳೆದ ಭರಣಿ ಮಳೆಯ ಹೊತ್ತಿಗೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಉಳುವ ತಮ್ಮನ ಒಂಬತ್ತು ಹಲ್ಲಿನ ಕಲ್ಟಿವೇಟರ್ ನೆಲದಲ್ಲಿ ಹುದುಗಿದ್ದ ಬಂಡೆಗೆ ತಾಗಿ ಮೂರು ಹಲ್ಲುಗಳು ಬಾಗಿದವು. ನಾನಿನ್ನೂ ರೈಲಿನಲ್ಲಿದ್ದೆ. ರಸ್ತೆಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಅವನ್ನು ಗ್ಯಾಸ್ ಉರಿಯಿಂದ ಕೆಂಪಗೆ ಕಾಯಿಸಿ, ಬಡಿದು ನೆಟ್ಟಗೆ ಮಾಡಿ, ಕೊನೆಗೆ ಒಂದು ಬಕೆಟ್ ನೀರು ಸುರಿದು ಕೊಟ್ಟಿದ್ದರು. ಮಾರನೆಯ ದಿನ ಕಲ್ಲೇ ಇಲ್ಲದ ಜಾಗದಲ್ಲಿ ಅವುಗಳಲ್ಲೊಂದು ಫಟ್ಟನೆ ಮುರಿಯಿತು. ಮುರಿದ ಬಾಯಿ ಒಡೆದ ಕಲ್ಲುಸಕ್ಕರೆಯಂತೆ ಹರಳುಹರಳಾಗಿ ಹೊಳೆಯುತ್ತಿತ್ತು. ಜಗ್ಗಾಟಕ್ಕೆ ಸೋತು ಹರಿದ ಉಕ್ಕು ಮಂಕಾಗಿ, ನಾರುನಾರಾಗಿ ಕಾಣುತ್ತದೆ. ಹೀಗೆ ಹೊಳೆಯುವುದು ಗಾಜಿನಂತೆ ಪೆಡಸಾದ ಉಕ್ಕು.

ಕಲ್ಟಿವೇಟರ್ ಹಲ್ಲಿನ ಉಕ್ಕಿನಲ್ಲಿ ಇಂಗಾಲದ ಅಂಶ ಸಾಧಾರಣ ಕಬ್ಬಿಣದ ಪಟ್ಟಿಯಲ್ಲಿರುವುದಕ್ಕಿಂತ ಹೆಚ್ಚು. ಅಂಥ ಉಕ್ಕನ್ನು ಸುಮಾರು 750 ಡಿಗ್ರಿ ಸೆಲ್ಸಿಯಸ್‌ ದಾಟಿಸಿ ಒಮ್ಮೆಲೇ ನೀರಿಗೆ ಕೊಟ್ಟರೆ ಅದು ಗಡುಸಾಗುತ್ತದೆ, ಆದರೆ ತಾಳಿಕೆಯನ್ನು ಕಳೆದುಕೊಳ್ಳುತ್ತದೆ. ಮತ್ತೆ ಹದವಾಗಿ ಕಾಯಿಸಿ ಆ ಗಡುಸನ್ನು ಸ್ವಲ್ಪ ಇಳಿಸದ ಹೊರತು ಆ ತಾಳಿಕೆ ಮರಳುವುದಿಲ್ಲ. ಲೂಧಿಯಾನದಲ್ಲಿ ನಾನು ಒಡನಾಡುವ ಮಿಸ್ತ್ರಿಗಳು ಬಾಗಿದ ಹಲ್ಲಿಗೆ ಮೊದಲು ಉರಿ ಹಿಡಿಯುವುದೇ ಇಲ್ಲ. ಬಾಗು ಸಣ್ಣದಾಗಿದ್ದರೆ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ತಣ್ಣಗಿರುವಾಗಲೇ ನಿಧಾನವಾಗಿ ಒತ್ತುತ್ತಾರೆ. ಉಕ್ಕು ಸ್ವಲ್ಪ ಹಿಂದಕ್ಕೆ ಚಿಮ್ಮುವುದರಿಂದ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚೇ ಒತ್ತಿ, ಬಿಟ್ಟು, ನೂಲು ಹಿಡಿದು ನೋಡಿ, ಮತ್ತೆ ಒತ್ತುತ್ತಾರೆ. ಬಾಗು ಮಡಿಕೆಯಂತೆ ಮುರುಟಿದ್ದರೆ ಗುಜರಿಗೆ ಎಸೆಯುತ್ತಾರೆ.

ಇದನ್ನು ಹೇಳಿದ ಮಾತ್ರಕ್ಕೆ ಪಂಜಾಬಿನ ರೀತಿಯನ್ನು ನಮ್ಮವರು ಕಣ್ಣುಮುಚ್ಚಿ ಒಪ್ಪಬೇಕೆಂದು ನಾನು ವಾದಿಸುತ್ತಿಲ್ಲ. ಲೂಧಿಯಾನದ ಸುತ್ತಲಿನದು ಮೆಕ್ಕಲು ಮಣ್ಣು. ದಿನವಿಡೀ ಉತ್ತರೂ ಕಲ್ಲು ತಾಗದ ಹೊಲಗಳಿವೆ, ಜೊತೆಗೆ ಬಿಡಿಭಾಗ ತಯಾರಿಸುವ ಕಾರ್ಖಾನೆಗಳು ಊರಲ್ಲೇ ಇವೆ. ನಮ್ಮ ಕೆಂಪು ಮಣ್ಣಿನಲ್ಲಿ ಬಿಳಿಕಲ್ಲೂ ಗ್ರಾನೈಟ್ ಬಂಡೆಯ ನೆತ್ತಿಯೂ ಎಲ್ಲಿ ಬೇಕಾದರೂ ಎದುರಾಗುತ್ತವೆ. ಮಳೆ ಬಿದ್ದ ಮೇಲೆ ಹೊಲದ ಹದ ನಿಲ್ಲುವುದು ಮೂರು ನಾಲ್ಕು ದಿನ. ಅಂಗಡಿಯ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿರುವಾಗ ನೀರಿನ ಬಕೆಟ್ಟಿಗೆ ಕೈಹೋಗುವುದು ಅವಸರದಿಂದಲೇ ಹೊರತು ಮೋಸದಿಂದಲ್ಲ.

ಆದರೆ ಈ ಅವಸರಕ್ಕೆ ಮದ್ದು ನಮ್ಮೂರಲ್ಲೇ ಇತ್ತೆಂಬುದು ನನ್ನನ್ನು ಹೆಚ್ಚು ನೋಯಿಸುತ್ತದೆ. ನಾನು ಹುಡುಗನಾಗಿದ್ದಾಗ ಅಪ್ಪನ ಜೊತೆ ನೇಗಿಲಿನ ಗುಳ, ಅಂದರೆ ನೆಲ ಸೀಳುವ ಕಬ್ಬಿಣದ ಅಲಗು, ಹಣಿಸಲು ಕುಲುಮೆಗೆ ಹೋಗುತ್ತಿದ್ದೆ. ಸೂರು ತಗ್ಗಾಗಿತ್ತು, ಒಳಗೆ ಮಬ್ಬು ಕತ್ತಲೆ. ಕಾದ ಕಬ್ಬಿಣದ ಬಣ್ಣ ನೋಡಲು ಆ ಕತ್ತಲೆ ಬೇಕೇ ಬೇಕೆಂದು ನನಗೆ ಅರ್ಥವಾದದ್ದು ಲೂಧಿಯಾನದ ಕುಲುಮೆಯ ಮುಂದೆ ನಿಂತ ಮೇಲೆ. ಸುಮಾರು 650 ಡಿಗ್ರಿಯ ಮಂಕು ಕೆಂಪು ನೆರಳಿನಲ್ಲಿ ಕಾಣುತ್ತದೆ, ನಡುಹಗಲಿನ ಬಿಸಿಲಿನಲ್ಲಿ ಕಾಣುವುದು ಕಷ್ಟ. ಬಿಸಿಲಿಗೆ ನಿಂತು ಉರಿ ಹಿಡಿಯುವವನ ಕಣ್ಣಿಗೆ ಕೆಂಪು ಬೀಳುವಷ್ಟರಲ್ಲಿ ಉಕ್ಕು ಆ 650 ಡಿಗ್ರಿಯನ್ನು ದಾಟಿಹೋಗಿರಬಹುದು. ಕಮ್ಮಾರರು ಗುಳದ ಮೊನೆಯನ್ನಷ್ಟೇ ನೀರಿಗೆ ಮುಟ್ಟಿಸುತ್ತಿದ್ದರು. ನೆಟ್ಟಗೆ ಮಾಡಿದ ಉಳಿದ ಕಬ್ಬಿಣವನ್ನು ನಿಧಾನವಾಗಿ ಆರಲೆಂದು ಬೂದಿಯಲ್ಲಿ ಹೂತು ಸಂಜೆಯವರೆಗೆ ಹಾಗೆಯೇ ಬಿಡುತ್ತಿದ್ದರು. ಗ್ಯಾಸ್ ಸಿಲಿಂಡರ್ ಬಂದದ್ದು ಒಳ್ಳೆಯದೇ ಆಯಿತು, ಆದರೆ ಅದರ ಜೊತೆಗೆ ಆ ಬೂದಿಯ ಗುಡ್ಡೆಯೂ ಅಂಗಡಿಗೆ ಬರಬೇಕಾಗಿತ್ತು.

ಎಲ್ಲ ಭಾಗಗಳಿಗೂ ಒಂದೇ ನಿಯಮ ಸಲ್ಲದು. ಕಲ್ಟಿವೇಟರಿನ ಚೌಕಟ್ಟು ಮೆದು ಉಕ್ಕಿನದು. ಅದನ್ನು ಧಾರಾಳವಾಗಿ ಕಾಯಿಸಿ ನೆಟ್ಟಗೆ ಮಾಡಬಹುದು, ತಾನಾಗಿಯೇ ಆರಲು ಬಿಟ್ಟರಾಯಿತು. ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎರಡೂ ಕಡೆ ಹಗ್ಗ ಹಿಡಿದು ಅಳೆಯಬೇಕು; ಎರಡು ಅಳತೆಗಳು ಸಮನಾಗದಿದ್ದರೆ ಚೌಕಟ್ಟು ಇನ್ನೂ ಸೊಟ್ಟಗಿದೆಯೆಂದೇ ಅರ್ಥ, ಅಂಥದ್ದು ಟ್ರ್ಯಾಕ್ಟರನ್ನು ಒಂದು ಮಗ್ಗುಲಿಗೆ ಎಳೆದು ಡೀಸೆಲ್ ತಿನ್ನುತ್ತದೆ. ಸ್ಪ್ರಿಂಗಿಗೂ ಮಣ್ಣನ್ನು ತಿರುಗಿ ಕತ್ತರಿಸುವ ರೋಟಾವೇಟರಿನ ಅಲಗಿಗೂ ಉರಿ ಸೋಕಿಸಲೇಬಾರದು, ಏಕೆಂದರೆ ಕಾರ್ಖಾನೆಯಲ್ಲಿ ಹಾಕಿದ ಹದ ಅಲ್ಲಿಗೆ ಇಳಿದುಹೋಗುತ್ತದೆ. ಬಾಗಿದ ಅಲಗನ್ನು ಬದಲಿಸುವುದೇ ಸರಿ. ನಮ್ಮಂಥ ಕಲ್ಲು ಹೊಲಗಳಿಗೆ ಬಂಡೆ ತಾಗಿದಾಗ ಹಿಂದಕ್ಕೆ ಬಾಗಿ ಮತ್ತೆ ನಿಲ್ಲುವ ಸ್ಪ್ರಿಂಗ್ ಹಲ್ಲಿನ ಕಲ್ಟಿವೇಟರೇ ತಕ್ಕದ್ದು, ತಮ್ಮನಿಗೂ ಇದನ್ನೇ ಹೇಳಿದ್ದೇನೆ.

ನೀರು ಕುಡಿದ ಉಳಿದೆರಡು ಹಲ್ಲುಗಳನ್ನು ನಾವಿಬ್ಬರೂ ಅಂದೇ ಬಿಚ್ಚಿದೆವು. ತಂತಿ ಬ್ರಷ್ಷಿನಿಂದ ಉಜ್ಜಿ, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದೆವು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಪುಡಿಯನ್ನು ನೆನೆಸಿ ಗೆರೆಯಾಗಿ ಮೇಲೆದ್ದು ಬರುತ್ತದೆ. ಒಂದರಲ್ಲಿ ಏನೂ ಕಾಣಲಿಲ್ಲ. ಆದರೂ ಅದರ ಪೆಡಸುತನ ಹೋಗಿಲ್ಲವಾದ್ದರಿಂದ ಮತ್ತೆ ಹದ ಹಾಕಿಸಲು ಲೂಧಿಯಾನಕ್ಕೆ ತಂದಿದ್ದೇನೆ. ಇನ್ನೊಂದರಲ್ಲಿ, ನೀರು ಬಿದ್ದ ಮಗ್ಗುಲಲ್ಲೇ, ಬೆರಳಿನ ಅಗಲದಷ್ಟು ಉದ್ದದ ಒದ್ದೆ ಗೆರೆ ನಿಧಾನವಾಗಿ ಮೂಡಿತು.